ಕಡಲೆ ಚೀಲದ ಹೊಲಿಗೆ

ಕೆಂಪು ರಕ್ತಕಣಗಳಿಗೆ ಬ್ಯಾಕ್ಟೀರಿಯಾದ ವಿಷ ಬೆರೆಸಿದ ಮೊದಲ ದಿನ ನನ್ನ ಎಲ್ಲ ಟ್ಯೂಬುಗಳಲ್ಲೂ ಕಣ ಒಡೆದು ತಿಳಿ ಕೆಂಪಾಗಿತ್ತು, ವಿಷವನ್ನೇ ಹಾಕದ ಟ್ಯೂಬಿನಲ್ಲಿ ಕೂಡ. ಮುಂಬಯಿಯ ಪ್ರಯೋಗಾಲಯವೊಂದಕ್ಕೆ ಸೇರಿ ಆಗ ಎರಡು ವಾರವಾಗಿತ್ತು. ಶೇಕಡಾ 0.9 ಉಪ್ಪು ಎಂಬುದನ್ನು ಲೀಟರಿಗೆ 0.9 ಗ್ರಾಂ ಎಂದು ಓದಿಕೊಂಡು, 9 ಗ್ರಾಂ ಹಾಕಬೇಕಾದಲ್ಲಿ ಚಿಟಿಕೆ ಉಪ್ಪು ಹಾಕಿದ್ದೆ. ಬರೀ ನೀರಿಗೇ ಕಣಗಳು ಒಡೆದಿದ್ದವು. ಕುಂದಾಪುರ ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರು, "ವಿಷದ ಖರ್ಚಿಲ್ಲದೆ ಕೆಲಸ ಮುಗಿಸಿದೆಯಲ್ಲ!" ಎಂದು ನಕ್ಕರು. ವಿಷ ಕಣವನ್ನು ಹೇಗೆ ಒಡೆಯುತ್ತದೆ ಎಂಬುದಕ್ಕೆ ಆ ಮಾತಿನಲ್ಲೇ ಉತ್ತರವಿತ್ತೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಉಪ್ಪು ಸರಿಹೋಯಿತು. ಮುಂದೆ ಟ್ಯೂಬು ಕೆಂಪಾಗಲೇ ಇಲ್ಲ. ವಿಷ ಕೆಟ್ಟಿದೆ ಎಂದುಕೊಂಡು ಮೂರು ದಿನ ಹೊಸದಾಗಿ ಶುದ್ಧೀಕರಿಸಿದೆ. ಕೆಟ್ಟದ್ದು ವಿಷವಲ್ಲ; ನಾನು ಬಳಸಿದ್ದು ನನ್ನದೇ ರಕ್ತ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಆಲ್ಫಾ ಹೀಮೊಲೈಸಿನ್ ಎಂಬ ಈ ವಿಷಕ್ಕೆ ಮನುಷ್ಯನ ಕೆಂಪು ಕಣ ಅಷ್ಟು ಸುಲಭದ ತುತ್ತಲ್ಲ. ಮೊಲದ ಕಣ ನೂರು ಪಟ್ಟಿಗಿಂತ ಹೆಚ್ಚು ಸೂಕ್ಷ್ಮ. ಪೊರೆಯ ಮೇಲೆ ವಿಷಕ್ಕೆ ಹಿಡಿದುಕೊಳ್ಳಲು ಆಸರೆ ಬೇಕು. ಅಂಥ ಆಸರೆಗಳಲ್ಲಿ ಒಂದಾದ ಎಡಿಎಎಂ10 ಎಂಬ ಪ್ರೋಟೀನು ಗೊತ್ತಾದದ್ದು 2010ರಲ್ಲಿ.

ಮೊಲದ ರಕ್ತ ಸಿಕ್ಕ ಮೇಲೆ ಕೆಲಸ ಹದಕ್ಕೆ ಬಂತು. ಕಣಗಳನ್ನು ಮೂರು ಸಲ ತೊಳೆದು, ಶೇಕಡಾ ಒಂದರಷ್ಟು ತೆಳುವಾಗಿಸಿ, ವಿಷ ಬೆರೆಸಿ, 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಗಿರ್ರನೆ ತಿರುಗಿಸಿ ತಿಳಿಯನ್ನು ಬಸಿಯುವುದು. ಅದರ ಬಣ್ಣವನ್ನು 540 ನ್ಯಾನೊಮೀಟರಿನಲ್ಲಿ ಅಳೆಯುವುದು. ತಿಳಿ ಕೆಂಪಾದಷ್ಟೂ ಹಿಮೊಗ್ಲೋಬಿನ್ ಹೊರಬಂದಿದೆ ಎಂದರ್ಥ.

ಆದರೆ ಹೇಗೆ ಬಂತು? 1996ರಲ್ಲಿ ಪ್ರಕಟವಾದ ಈ ವಿಷದ ರಚನೆ ನನ್ನ ಮೇಜಿನ ಮೇಲೆಯೇ ಅಂಟಿಸಿತ್ತು: ಏಳು ಅಣುಗಳು ಉಂಗುರವಾಗಿ ಸೇರಿ, ಅಣಬೆಯ ಆಕಾರ ತಾಳಿ, ಕಾಂಡವನ್ನು ಪೊರೆಯೊಳಗೆ ಇಳಿಸುತ್ತವೆ. ಒಳಗಿನ ಕೊಳವೆಯ ಅತಿ ಕಿರಿದಾದ ಜಾಗ ಸುಮಾರು ಒಂದೂವರೆ ನ್ಯಾನೊಮೀಟರ್. ಹಿಮೊಗ್ಲೋಬಿನ್ ಐದು ನ್ಯಾನೊಮೀಟರಿಗೂ ದೊಡ್ಡದು. ಆ ತೂತಿನಲ್ಲಿ ಅದು ತೂರುವುದಿಲ್ಲ.

ನೆನಪಾದದ್ದು ಸಯನ್‌ನಲ್ಲಿದ್ದ ಸೋದರಮಾವನ ಕಿರಾಣಿ ಅಂಗಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಅಂಗಡಿಗೆ ಸೊಂಟದವರೆಗೆ ನೀರು ನುಗ್ಗಿತ್ತು. ಗೋಣಿಯ ನೇಯ್ಗೆಯಲ್ಲಿ ನೀರು ಒಳಹೋಗುತ್ತದೆ, ಕಡಲೆ ಹೊರಬರುವುದಿಲ್ಲ. ಮರುದಿನ ನೋಡಿದರೆ ಕಡಲೆ ಉಬ್ಬಿ ಹೊಲಿಗೆ ಬಿಚ್ಚಿಕೊಂಡು, ಅಂಗಡಿ ತುಂಬ ಕಡಲೆ. ಮಾವ ಗೋಣಿಯವನನ್ನು ಬೈದರು, ಪಾಪ.

ರಕ್ತಕಣದಲ್ಲಿಯೂ ಇದೇ ಕತೆ. ತೂತಿನಿಂದ ಉಪ್ಪಿನ ಅಯಾನುಗಳು ಓಡಾಡುತ್ತವೆ. ಒಳಗೇ ಸಿಕ್ಕಿಬಿದ್ದ ಹಿಮೊಗ್ಲೋಬಿನ್ ನೀರನ್ನು ಎಳೆಯುತ್ತದೆ. ಕಣ ಉಬ್ಬಿ ಬಿರಿಯುತ್ತದೆ. ಹಾಗಿದ್ದರೆ ತೂತಿನಲ್ಲಿ ತೂರದ ದೊಡ್ಡ ಅಣುವನ್ನು ಹೊರಗೂ ತುಂಬಿಟ್ಟರೆ ನೀರಿನ ಎಳೆತ ಸರಿದೂಗಬೇಕು. ಒಂದು ಸಾಲಿನ ಟ್ಯೂಬುಗಳಿಗೆ ಸುಕ್ರೋಸ್ ಎಂಬ ಸಕ್ಕರೆ, ಇನ್ನೊಂದಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ 4000 ಎಂಬ ದೊಡ್ಡ ಅಣು, ಎರಡೂ ಒಂದೇ ಸಾಂದ್ರತೆ, 30 ಮಿಲಿಮೋಲಾರ್. ಸಕ್ಕರೆಯ ಸಾಲು ಕೆಂಪಾಯಿತು. ಅದು ತೂತಿನಲ್ಲಿ ಸಲೀಸಾಗಿ ನುಸುಳುವ ಅಣು. ಇನ್ನೊಂದು ಸಾಲಿನ ತಿಳಿ ತಿಳಿಯಾಗಿಯೇ ಉಳಿಯಿತು.

ವಿಷ ಅಂಟಿಕೊಳ್ಳದಂತೆ ಗ್ಲೈಕಾಲೇ ತಡೆದಿದ್ದರೆ? ಈ ಅನುಮಾನ ರಾತ್ರಿ ಹಾರ್ಬರ್ ಲೈನಿನ ರೈಲಿನಲ್ಲಿ ಹುಟ್ಟಿತು. ಮರುದಿನ ಅದೇ ಪ್ರಯೋಗ ಮತ್ತೆ ಮಾಡಿ, ಒಡೆಯದೆ ಉಳಿದ ಕಣಗಳನ್ನು ಗ್ಲೈಕಾಲ್ ದ್ರಾವಣದಲ್ಲೇ ತೊಳೆದು ಅಂಟದ ವಿಷವನ್ನೆಲ್ಲ ತೆಗೆದೆ. ಆಮೇಲೆ ಬರೀ ಲವಣದ್ರಾವಣಕ್ಕೆ ಸುರಿದೆ. ಟ್ಯೂಬಿನ ಹಿಂದೆ ಆ ದಿನದ "ಕರ್ನಾಟಕ ಮಲ್ಲ" ಪತ್ರಿಕೆ ಹಿಡಿದಿದ್ದೆ. ಮೊದಲು ಬರೀ ಮಬ್ಬು ಕೆಂಪು. ಸ್ವಲ್ಪ ಹೊತ್ತಿನಲ್ಲಿ ಮಬ್ಬು ಕರಗಿ, ಕೆಂಪು ಗಾಜಿನ ಮೂಲಕ ಕಾಣುವ ಹಾಗೆ ತಲೆಬರಹದ ಅಕ್ಷರಗಳು ಒಂದೊಂದಾಗಿ ಕಾಣತೊಡಗಿದವು.