ಚಟ ಬಿಟ್ಟ ಗಾಯಕನನ್ನು ಮತ್ತೆ ವೇದಿಕೆಗೆ ಕರೆತರುವ ಬಗೆ

ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತದ ಗಾಯಕ ಜಾರ್ಜ್ ಜೋನ್ಸ್ ಕುಡಿಯಲು ಹೋಗದಿರಲಿ ಎಂದು ಪತ್ನಿ ಮನೆಯ ಕಾರುಗಳ ಕೀಲಿಯನ್ನೆಲ್ಲ ಬಚ್ಚಿಟ್ಟಿದ್ದರು. ಹುಲ್ಲು ಕತ್ತರಿಸುವ ಯಂತ್ರದ ಕೀಲಿ ಮಾತ್ರ ಅದರಲ್ಲೇ ಉಳಿದಿತ್ತು. ಜೋನ್ಸ್ ಅದನ್ನೇ ಏರಿ, ನಡೆದಷ್ಟೇ ನಿಧಾನವಾಗಿ, ಟೆಕ್ಸಸ್‌ನ ಹೆದ್ದಾರಿಯಲ್ಲಿ ಸುಮಾರು ಎಂಟು ಮೈಲಿ ದೂರದ ಮದ್ಯದಂಗಡಿಗೆ ಹೋದರು. ಗಾಯಕನ ಮ್ಯಾನೇಜರ್, ವಾದ್ಯದವರು, ಮನೆಯವರು ಇದನ್ನು ನೆನಪಿಡಬೇಕು. ಕಾವಲಿನಿಂದ ಚಟ ಬಿಡುವುದಿಲ್ಲ. ಬಿಡಿಸುವುದು ವೈದ್ಯರ ಕೆಲಸ. ಬಿಟ್ಟಿದ್ದು ಮತ್ತೆ ಅಂಟದಂತೆ ದಿನಚರಿ ಕಟ್ಟಿಕೊಡುವುದು ನಿಮ್ಮ ಕೆಲಸ.

ಮೊದಲ ನಾಲ್ಕು ದಿನ

ದಿನವೂ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಕೊನೆಯ ಗುಟುಕಿನ ನಂತರ 6ರಿಂದ 8 ಗಂಟೆಯೊಳಗೆ ಕೈನಡುಕ, ಬೆವರು, ಓಕರಿಕೆ ಶುರುವಾಗುತ್ತವೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಸನ್ನಿ ಹಿಡಿಯಬಹುದು: ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ, ಹೊತ್ತು-ಜಾಗದ ಪರಿವೆ ತಪ್ಪುತ್ತದೆ. ಆದ್ದರಿಂದ ಇದನ್ನು ಹೋಟೆಲ್ ರೂಮಿನಲ್ಲೋ ಮನೆಯ ಕೋಣೆಯಲ್ಲೋ ಬಾಗಿಲು ಹಾಕಿ ಮಾಡಬೇಡಿ. ಆಸ್ಪತ್ರೆಯಲ್ಲಿ ಡಯಾಜೆಪಾಮ್ ಗುಂಪಿನ ಔಷಧಿ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ. ಗ್ಲೂಕೋಸ್ ಏರಿಸುವ ಮುನ್ನ ಅಥವಾ ಜೊತೆಗೇ ಥಯಾಮಿನ್, ಅಂದರೆ ವಿಟಮಿನ್ ಬಿ1, ಕೊಡುತ್ತಾರೆ. ಅದು ತಪ್ಪಿದರೆ ಮಿದುಳಿಗೆ ಪೆಟ್ಟು ಬೀಳಬಹುದು, ನೆನಪೇ ಅಳಿಸಿಹೋಗಬಹುದು. ಹಾಡಿನ ಸಾಲುಗಳ ನೆನಪಿನಿಂದಲೇ ಬದುಕುವವರಿಗೆ ಇದು ಎಂಥ ನಷ್ಟವೆಂದು ಬಿಡಿಸಿ ಹೇಳಬೇಕಿಲ್ಲ.

ಕರ್ನಾಟಕದಲ್ಲಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಫೋನಿನಲ್ಲಿ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ.

ಮನೆಗೆ ಬಂದ ಮೇಲೆ ಔಷಧಿ

ನಾಲ್‌ಟ್ರೆಕ್ಸೋನ್ ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ. ಕುಡಿಯುವ ಹಂಬಲವನ್ನು ತಗ್ಗಿಸುತ್ತದೆ. ಇದನ್ನು ತೆಗೆದುಕೊಳ್ಳುವಾಗ ಮಾರ್ಫಿನ್ ಜಾತಿಯ ನೋವಿನ ಔಷಧಿ ಕೆಲಸ ಮಾಡುವುದಿಲ್ಲ, ಹಾಗಾಗಿ ನಾಲ್‌ಟ್ರೆಕ್ಸೋನ್ ಹೆಸರು ಬರೆದ ಚೀಟಿ ಗಾಯಕನ ಜೇಬಿನಲ್ಲಿ ಸದಾ ಇರಲಿ. ಡೈಸಲ್ಫಿರಾಮ್‌ನ ದಾರಿ ಬೇರೆ. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪೇರಿ, ಎದೆ ಬಡಿದು, ವಾಂತಿಯಾಗುತ್ತದೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಈ ಪರಿಣಾಮ ಉಳಿಯಬಹುದು. ಕೆಮ್ಮಿನ ಸಿರಪ್, ಬಾಯಿ ಮುಕ್ಕಳಿಸುವ ದ್ರವ, ಇವುಗಳಲ್ಲೂ ಆಲ್ಕೋಹಾಲ್ ಇರಬಹುದು; ಗಂಟಲು ಕೆಟ್ಟಿದೆಯೆಂದು ಯಾರೋ ಕೊಟ್ಟ ಸಿರಪ್ ಕುಡಿದರೆ ಸಾಕು. ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಗೊತ್ತಿಲ್ಲದಂತೆ ಸಾರಿನಲ್ಲಿ, ಕಾಫಿಯಲ್ಲಿ ಮಾತ್ರೆಯನ್ನೋ ಪುಡಿಯನ್ನೋ ಬೆರೆಸಬೇಡಿ. ಜೀವಕ್ಕೆ ಅಪಾಯ, ನಂಬಿಕೆಯೂ ಅಲ್ಲಿಗೇ ಮುಗಿಯಿತು.

ಪ್ರವಾಸದ ಪಟ್ಟಿ

ಚಿಕಿತ್ಸೆಗೆ ಹೋಗುವುದೋ, ಆಲ್ಬಂ ಬಿಡುಗಡೆ ಕಾಯುತ್ತದೆಯೋ ಎಂಬ ಗೊಂದಲ ಯಾವಾಗಲೂ ಬರುತ್ತದೆ. 2006ರ ಅಕ್ಟೋಬರ್‌ನಲ್ಲಿ ಕಂಟ್ರಿ ಗಾಯಕ ಕೀತ್ ಅರ್ಬನ್ ಚಿಕಿತ್ಸಾ ಕೇಂದ್ರಕ್ಕೆ ಸೇರಿದರು. ನವೆಂಬರ್‌ನಲ್ಲಿ ಅವರ ಆಲ್ಬಂ ಬಂತು, ಅವರು ಇನ್ನೂ ಒಳಗೇ ಇದ್ದರು. ಅದೇ ಸರಿಯಾದ ಕ್ರಮ. ಕೇಂದ್ರದಿಂದ ಬಂದ ಮೇಲೂ ಮೊದಲ ಮೂರು ತಿಂಗಳು ಊರೂರು ಸುತ್ತದಿರುವುದೇ ಕ್ಷೇಮ.

ಆಮೇಲೆ ಶುರು ಮಾಡುವಾಗ ವಾರಕ್ಕೆ ಎರಡೋ ಮೂರೋ ಕಾರ್ಯಕ್ರಮ, ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಪ್ರಯಾಣ ಬೇಡ, ರಾತ್ರಿ ಪ್ರಯಾಣ ಬೇಡವೇ ಬೇಡ. ಅಮೆರಿಕದ ಗಾಯಕ ಜಾನಿ ಕ್ಯಾಶ್ ಮಾತ್ರೆ ಹಿಡಿದದ್ದೇ 1950ರ ದಶಕದ ಕೊನೆಯಲ್ಲಿ, ಊರಿಂದೂರಿಗೆ ರಾತ್ರಿಯಿಡೀ ಓಡಾಡುವಾಗ ಎಚ್ಚರವಾಗಿರಲು. ಆಮೇಲೆ ನಿದ್ದೆಗೆ, ನೆಮ್ಮದಿಗೆ ಬೇರೆ ಮಾತ್ರೆ ಬೇಕಾಯಿತು. 1965ರಲ್ಲಿ ಎಲ್ ಪಾಸೊದಲ್ಲಿ ಅವರನ್ನು ಬಂಧಿಸಿದಾಗ ಅವರ ಬಳಿ ಎರಡೂ ಬಗೆಯ ಸಾವಿರಕ್ಕೂ ಹೆಚ್ಚು ಮಾತ್ರೆಗಳಿದ್ದವು. ನಿದ್ದೆಗೆಡಿಸುವ ಪಟ್ಟಿ ಹಾಕಿ, ಆಮೇಲೆ ಗಾಯಕನ ಮನೋಬಲ ಸಾಲದು ಎನ್ನುವುದು ಅನ್ಯಾಯ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಎರಡು ಷರತ್ತು ಬರೆಸಿ. ವೈದ್ಯರು ಬೇಡವೆಂದರೆ ದಂಡವಿಲ್ಲದೆ ಕಾರ್ಯಕ್ರಮ ರದ್ದು. ಗಾಯಕನ ಕೋಣೆಯಲ್ಲಿ, ವೇದಿಕೆಯಲ್ಲಿ, ತಂಡದ ಬಸ್ಸಿನಲ್ಲಿ ಮದ್ಯ ಇಲ್ಲ. ವಾದ್ಯದವರು ಕುಡಿಯುವುದಾದರೆ ಬೇರೆ ವಾಹನ, ಬೇರೆ ಕೋಣೆ. ಸಂಭಾವನೆಯನ್ನು ರಾತ್ರಿ ನಗದಾಗಿ ಕೈಗಿಡದೆ ಬ್ಯಾಂಕಿಗೆ ಹಾಕಿಸಿ, ಆದರೆ ಗಾಯಕನೇ ಒಪ್ಪಿ ಬರೆದುಕೊಟ್ಟಿರಬೇಕು.

ವೇದಿಕೆಯ ಮೇಲಿನ ಲೋಟ ಸಣ್ಣ ವಿಷಯವೆನಿಸುತ್ತದೆ, ಎಡವುವುದು ಅಲ್ಲೇ. ಅಭಿಮಾನಿಗಳು ಪ್ರೀತಿಯಿಂದ ಗ್ಲಾಸು ನೀಡುತ್ತಾರೆ, ಕತ್ತಲಲ್ಲಿ ಪಕ್ಕದವರ ಲೋಟ ಕೈಗೆ ಬರುತ್ತದೆ. ಮುಚ್ಚಳವಿರುವ ಒಂದೇ ಬಾಟಲಿ ಇಟ್ಟುಕೊಳ್ಳಿ. ಬಾಟಲಿಯ ಕುತ್ತಿಗೆಗೆ ಹಳದಿ ಟೇಪು ಎರಡು ಸುತ್ತು ಸುತ್ತಿ, ನೀರನ್ನು ಒಬ್ಬರೇ ತುಂಬಿ, ಮೈಕ್ ಸ್ಟ್ಯಾಂಡಿನ ಬಲಗಡೆ ಅವರೇ ಇಡಲಿ. ಬಿಸಿನೀರು ಸಾಕು. ಒಂದು ಗುಟುಕು ವಿಸ್ಕಿ ಗಂಟಲಿಗೆ ಒಳ್ಳೆಯದೆಂಬುದು ಸುಳ್ಳು. ಅದು ಗಂಟಲನ್ನು ಜೋಮು ಹಿಡಿಸಿ, ಸ್ವರಕ್ಕೆ ಆಗುತ್ತಿರುವ ಆಯಾಸವನ್ನು ಮರೆಸುತ್ತದೆ ಅಷ್ಟೆ.

ಹಾಡು ಮುಗಿದ ಮೇಲಿನ ಎರಡು ಗಂಟೆ

ಇಡೀ ದಿನದಲ್ಲಿ ಕಷ್ಟದ ಹೊತ್ತು ಇದೇ. ಸಾವಿರಾರು ಜನರ ಚಪ್ಪಾಳೆ ನಿಂತು, ಕೋಣೆಯ ಬಾಗಿಲು ಮುಚ್ಚಿದಾಗಲೂ ಮೈಯ ಕಾವು ಆರಿರುವುದಿಲ್ಲ. ಅದನ್ನು ಇಳಿಸಲು ಇಷ್ಟು ವರ್ಷ ಇದ್ದದ್ದು ಬಾಟಲಿಯೇ. ಆ ಜಾಗ ಖಾಲಿ ಬಿಡಬೇಡಿ. ಕೊನೆಯ ಹಾಡಾಗಿ ಇಪ್ಪತ್ತು ನಿಮಿಷದಲ್ಲಿ ವಾಹನ ಹೊರಡಲಿ. ಅಭಿಮಾನಿಗಳ ಭೇಟಿ, ಫೋಟೋ ಎಲ್ಲ ಕಾರ್ಯಕ್ರಮಕ್ಕೆ ಮುಂಚೆಯೇ ಆಗಿರಲಿ. ಬಟ್ಟೆ ಬದಲಿಸಲು ಒಂದು ಚೀಲ ವಾಹನದಲ್ಲೇ ಇರಲಿ. ರೂಮಿಗೆ ಬಂದೊಡನೆ ಬಿಸಿ ಊಟ, ಸ್ನಾನ, ತನ್ನಂತೆ ಚಟ ಬಿಟ್ಟ ಒಬ್ಬರೊಡನೆ ಹತ್ತು ನಿಮಿಷ ಫೋನು. ಹೋಟೆಲಿನವರಿಗೆ ಮೊದಲೇ ಹೇಳಿ ರೂಮಿನ ಫ್ರಿಜ್ ಖಾಲಿ ಮಾಡಿಸಿ. ಮಲಗುವವರೆಗೆ ಜೊತೆಗೆ ಒಬ್ಬರಿರಲಿ, ಕಾವಲಿಗಲ್ಲ, ಮಾತಿಗೆ.

ಜಾರಿದರೆ

ಜಾರುವುದು ಉಂಟು. 1967ರ ಕೊನೆಯಲ್ಲಿ ಕ್ಯಾಶ್ ಟೆನೆಸಿಯ ಮನೆಯಲ್ಲಿ, ಮುಂದೆ ಪತ್ನಿಯಾದ ಜೂನ್ ಕಾರ್ಟರ್ ಅವರ ಕುಟುಂಬ ಮತ್ತು ವೈದ್ಯರ ನೆರವಿನಿಂದ ಮಾತ್ರೆಗಳಿಂದ ಬಿಡಿಸಿಕೊಂಡು, 1968ರ ಜನವರಿ 13ರಂದು ಫೋಲ್ಸಮ್ ಜೈಲಿನಲ್ಲಿ ಹಾಡಿದರು. ಆದರೆ 1981ರಲ್ಲಿ ಆಸ್ಟ್ರಿಚ್ ಒದ್ದು ಪಕ್ಕೆಲುಬು ಮುರಿದಾಗ ನೋವಿಗೆಂದು ಬಂದ ಮಾತ್ರೆಗಳು ಮತ್ತೆ ಹಿಡಿದುಕೊಂಡವು. 1983ರಲ್ಲಿ ಬೆಟ್ಟಿ ಫೋರ್ಡ್ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಹೋಗಬೇಕಾಯಿತು. ಹಾಗಾಗಿ ಶಸ್ತ್ರಚಿಕಿತ್ಸೆ, ಹಲ್ಲು ಕೀಳುವುದು, ಏನೇ ಇರಲಿ, ಚಟದ ವಿಷಯ ವೈದ್ಯರಿಗೆ ಮೊದಲೇ ಹೇಳಿ. ನೋವು ತಿನ್ನಲಿ ಎಂದು ಬಿಡಬೇಡಿ. ಎಣಿಸಿದ ಮಾತ್ರೆ, ಎಣಿಸಿದ ದಿನ, ಡಬ್ಬಿ ಬೇರೆಯವರ ಬಳಿ.

ತಿಂಗಳುಗಟ್ಟಲೆ ಬಿಟ್ಟವರಿಗೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲ. ಅಫೀಮಿನ ಜಾತಿಯ ಮಾತ್ರೆಯಾದರೆ ಅದೇ ಸಾವು ತರಬಹುದು. ಆ ಮಾತ್ರೆಯ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಎಂಬ ಮದ್ದು ತಂಡದ ಬಳಿ ಇರಲಿ, ಬಳಸಲು ಇಬ್ಬರು ಕಲಿತಿರಲಿ. ಅಮಲಿನಲ್ಲಿ ಮಲಗಿದವರನ್ನು "ನಿದ್ದೆ ಮಾಡಲಿ" ಎಂದು ಬಿಡಬೇಡಿ. 1953ರ ಹೊಸ ವರ್ಷದ ದಿನ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್, 29ರ ವಯಸ್ಸಿನಲ್ಲಿ, ಕಾರ್ಯಕ್ರಮಕ್ಕೆ ಹೋಗುತ್ತಿದ್ದ ಕಾರಿನ ಹಿಂದಿನ ಸೀಟಿನಲ್ಲೇ ತೀರಿಕೊಂಡರು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಹತ್ತಕ್ಕಿಂತ ಕಡಿಮೆಯಿದ್ದರೆ, ಇಲ್ಲವೇ ಅಲುಗಿಸಿದರೂ ಏಳದಿದ್ದರೆ, ಕೂಡಲೇ ಆಂಬುಲೆನ್ಸ್.

ಎಚ್ಚರವಾದ ಮೇಲೆ ಬೈಯಬೇಡಿ. ಅಂದಿನ ಕಾರ್ಯಕ್ರಮ ರದ್ದು ಮಾಡಿ, ವೈದ್ಯರಿಗೆ ಫೋನ್ ಮಾಡಿ. ಆಯೋಜಕರಿಗೆ "ಆರೋಗ್ಯ ಸರಿಯಿಲ್ಲ" ಎಂದಷ್ಟೇ ಹೇಳಿ. ಮುಂದಿನ ದಿನಾಂಕವನ್ನು ವೈದ್ಯರನ್ನು ಕೇಳದೆ ಯಾರಿಗೂ ಕೊಡಬೇಡಿ.