ಪಂಚಾಯ್ತಿ ಜೊತೆ ಸೇರ್ಕೊಂಡು ಊರ ಕೆರೆ ಉಳಿಸ್ಕೊಳ್ಳೋದು ಹೇಗೆ

ಕೆರೆ ಹೂಳೆತ್ತಿಸ್ಬೇಕು ಅಂತ ಊರ ಹುಡುಗ್ರು ಸೇರ್ದಾಗ ಮೊದ್ಲು ಬರೋ ಮಾತೇ ಜೆಸಿಬಿ ಗಂಟೆಗೆ ಎಷ್ಟು ಅಂತ. ದಯವಿಟ್ಟು ಅಲ್ಲಿಂದ ಶುರು ಮಾಡ್ಬೇಡಿ. ನಮ್ಮೂರಲ್ಲಿ ಹಾಗೇ ಮಾಡಿದ್ವಿ, ಹೂಳೇನೋ ಹೋಯ್ತು, ಆದ್ರೆ ಎರಡು ಮಳೆಗಾಲ ಕಳೆಯೋಷ್ಟ್ರಲ್ಲಿ ಏರಿ, ಅಂದ್ರೆ ಕೆರೆ ಕಟ್ಟೆ, ತುಂಬ ಬಳ್ಳಾರಿ ಜಾಲಿ, ಗದ್ದೆಗೆ ನೀರು ಬಿಡೋ ತೂಬು ಜಾಮ್. ಯಾಕಂದ್ರೆ ಕೆಲ್ಸ ಮುಗಿದ್ಮೇಲೆ ನೋಡ್ಕೊಳ್ಳೋದ್ಯಾರು ಅಂತ ಎಲ್ಲೂ ಬರ್ದಿರ್ಲಿಲ್ಲ, ನಾವು ಪಂಚಾಯ್ತಿಯೋರು ಮಾಡ್ತಾರೆ ಅಂದ್ಕೊಂಡ್ವಿ, ಅವ್ರು ಸಂಘದೋರು ಮಾಡ್ತಾರೆ ಅಂದ್ಕೊಂಡ್ರು.

ಹಾಗಾಗಿ ಮೊದ್ಲು ಕೆರೆ ಯಾರ ಕೈಲಿದೆ ತಿಳ್ಕೊಳ್ಳಿ. ಸಾಮಾನ್ಯವಾಗಿ ಅಚ್ಚುಕಟ್ಟು, ಅಂದ್ರೆ ಕೆರೆ ನೀರು ಹಾಯೋ ಜಮೀನು, 40 ಹೆಕ್ಟೇರ್ ಒಳಗಿದ್ರೆ ಪಂಚಾಯತ್ ಕಡೆದು, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆದು, ತಪ್ಪು ಆಫೀಸಿಗೆ ಅರ್ಜಿ ಕೊಟ್ರೆ ವರ್ಷಗಟ್ಲೆ ಅಲ್ಲೇ ಕೂತಿರತ್ತೆ. ಪಹಣಿ, ಗ್ರಾಮ ನಕ್ಷೆ ತೆಗೆಸಿ, ನಿಂತ ಜಾಗದ ಸರ್ವೆ ನಂಬರ್ ತೋರ್ಸೋ ಸರ್ಕಾರದ ದಿಶಾಂಕ್ ಆಪ್ ಹಿಡ್ಕೊಂಡು ಕೆರೆ ಸುತ್ತ ಒಂದ್ಸಲ ನಡೀರಿ, ಸರ್ವೆ ನಂಬರ್ ಎಲ್ಲಿಂದ ಎಲ್ಲಿಗೆ ಅಂತ ಅಂದಾಜು ಸಿಗತ್ತೆ. ಆದ್ರೆ ಅದು ಬರೀ ಅಂದಾಜು. ಒತ್ತುವರಿ ಅನುಮಾನ ಇದ್ರೆ ತಹಶೀಲ್ದಾರ್‌ಗೆ ಬರ್ದು ಸರ್ವೆ ಮಾಡ್ಸಿ ಗಡಿ ಕಲ್ಲು ಹಾಕಿಸ್ಲೇಬೇಕು, ಅಕ್ಕಪಕ್ಕದ ಹೊಲದೋರ ಹತ್ರ ನೀವೇ ಜಗಳಕ್ಕೆ ಹೋಗ್ಬೇಡಿ, ಅದು ಸರ್ಕಾರದ ಕೆಲ್ಸ, ಅದನ್ನ ಅವ್ರೇ ಮಾಡ್ಲಿ.

ಆಮೇಲೆ ಸಂಘ. ಹೊಸ್ದು ಮಾಡೋಕೆ ಮುಂಚೆ ಹಳೇದು ಇದ್ಯಾ ವಿಚಾರ್ಸಿ. 2002ರಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ಕೆರೆ ಸುಧಾರಿಸೋ ಸರ್ಕಾರದ ಸಂಸ್ಥೆ ಜಲಸಂವರ್ಧನೆ ಯೋಜನಾ ಸಂಘದ ಕೆಲ್ಸ ಶುರುವಾದಾಗ ಎಷ್ಟೋ ಊರಲ್ಲಿ ಕೆರೆ ಬಳಕೆದಾರರ ಸಂಘ ಆಗಿದ್ವು, ಯಾರ ಮನೆ ಬೀರುವಲ್ಲೋ ಅದರ ಬೈಲಾ, ಪಾಸ್‌ಬುಕ್ ಇರಬಹುದು. ಇಲ್ದಿದ್ರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಏಳು ಜನ ಸೇರಿದ್ರೆ ರಿಜಿಸ್ಟರ್ ಮಾಡಿಸ್ಬಹುದು. ಏಳೂ ಜನ ಅಚ್ಚುಕಟ್ಟಲ್ಲಿ ಗದ್ದೆ ಇರೋರೇ ಆದ್ರೆ ಮಾತ್ರ ಆ ಸಂಘ ಬಾಳಲ್ಲ. ದನ ಕುರಿ ನೀರಿಗೆ ಹೊಡೆಯೋರು, ಬಟ್ಟೆ ಒಗೆಯೋರು, ಮೀನು ಹಿಡಿಯೋರು, ಜಮೀನೇ ಇಲ್ದೋರು, ಹೆಣ್ಮಕ್ಳು, ಇವ್ರೆಲ್ಲರ ಕೆರೆ ಅದು. ಹಿಂದೆ ಕೆರೆ ನೀರು ಹಂಚ್ತಿದ್ದ ನೀರುಗಂಟಿ ಮನೆತನದೋರು ಯಾರಾದ್ರೂ ಇದ್ರೆ ಅವ್ರನ್ನ ಮೊದ್ಲು ಕರೀರಿ, ಯಾವ ಹಳ್ಳದಿಂದ ನೀರು ಬರ್ತಿತ್ತು, ಕೆರೆ ತುಂಬಿ ಕೋಡಿ ಬಿದ್ರೆ ಎಲ್ಲಿಗೆ ಹೋಗ್ತಿತ್ತು ಅನ್ನೋದು ಇಂಜಿನಿಯರ್‌ಗಿಂತ ಅವ್ರಿಗೇ ಚೆನ್ನಾಗಿ ಗೊತ್ತಿರತ್ತೆ.

ವಾರ್ಡ್ ಸಭೇಲಿ ವಿಷಯ ಎತ್ತಿ, ಗ್ರಾಮಸಭೇಲಿ ನಿರ್ಣಯ ಬರೆಸಿ, ನಡಾವಳಿಯ ನಕಲು ಇಸ್ಕೊಳ್ಳಿ. ಬಾಯಲ್ಲಿ ಆಯ್ತು ಅಂದಿದ್ದು ಅಧ್ಯಕ್ಷರು ಬದಲಾದ್ರೆ ಅಲ್ಲಿಗೇ ಮುಗೀತು. ಉದ್ಯೋಗ ಖಾತ್ರೀಲಿ ಮಾಡಿಸೋದಾದ್ರೆ ಕ್ರಿಯಾ ಯೋಜನೇಲಿ ಸೇರಿಸ್ಬೇಕು, ಅದರಲ್ಲಿ ಕಂಟ್ರಾಕ್ಟರ್ ಇರಂಗಿಲ್ಲ, ಕೈಗೆಲ್ಸ ಇರೋ ಕಡೆ ಮಿಷಿನ್ ಬಿಡಂಗಿಲ್ಲ. ಹೂಳು ಹೊಡೆಯೋದನ್ನ ರೈತರಿಗೇ ಬಿಡಿ, ಕೆರೆಗೋಡು, ಅಂದ್ರೆ ಆ ಹೂಳು ಮಣ್ಣು, ಹೊಲಕ್ಕೆ ಒಳ್ಳೇದು ಅಂತ ಅವ್ರೇ ಟ್ರ್ಯಾಕ್ಟರ್ ತರ್ತಾರೆ. ಆದ್ರೆ ಏರಿ ಬುಡಕ್ಕೆ ಯಾರೂ ಕೈ ಹಾಕ್ಬಾರ್ದು, ಅಲ್ಲಿ ಮಣ್ಣು ಕೆರೆದ್ರೆ ಏರಿ ಕುಸಿಯತ್ತೆ. ಗುಂಡಿ ಗುಂಡಿ ತೋಡೋದೂ ಬೇಡ, ಮಕ್ಳು ದನ ಬಿದ್ದು ಸಾಯ್ತಾವೆ. ಹೂಳಿಗಿಂತ ಮುಂಚೆ ನೀರು ಬರೋ ಕಾಲುವೆ ಬಿಡಿಸ್ಬೇಕು, ಅದು ಮುಚ್ಚಿದ್ರೆ ಎಷ್ಟು ಆಳ ಮಾಡಿದ್ರೂ ನೀರು ಬರಲ್ಲ.

ಈಗ ಮುಖ್ಯವಾದ ಪೇಪರ್, ಪಂಚಾಯ್ತಿಗೂ ಸಂಘಕ್ಕೂ ನಡುವಿನ ಒಪ್ಪಂದ. ಬೆಂಗಳೂರು ಜೆ.ಪಿ.ನಗರದ ಪುಟ್ಟೇನಹಳ್ಳಿ ಕೆರೆ ನೋಡ್ಕೊಳ್ಳೋಕೆ ಅಲ್ಲಿನ ನಿವಾಸಿಗಳ ಟ್ರಸ್ಟು 2011ರಲ್ಲಿ ಬಿಬಿಎಂಪಿ ಜೊತೆ ಒಪ್ಪಂದ ಮಾಡ್ಕೊಳ್ತು, ಹಳ್ಳೀಲೂ ಅಂಥದ್ದೇ ಬೇಕು, ಎರಡು ಪುಟ ಇದ್ರೂ ಸಾಕು. ಸರ್ವೆ ನಂಬರ್, ಎಷ್ಟು ವರ್ಷಕ್ಕೆ, ಏರಿ ಜಾಲಿ ಕೀಳೋದ್ಯಾರು, ತೂಬಿನ ರಿಪೇರಿ ದುಡ್ಡು ಯಾರದ್ದು, ನೀರು ಬಿಡೋ ತೀರ್ಮಾನ ಯಾರದ್ದು, ಕೆರೆ ಕಸಕ್ಕೆ ದಂಡ ಹಾಕೋ ಅಧಿಕಾರ ಪಂಚಾಯ್ತಿದೇ ಅಂತ ಬಿಡಿಸಿ ಬಿಡಿಸಿ ಬರೀರಿ. ಮೀನು ಹರಾಜಿನ ದುಡ್ಡಲ್ಲಿ ಒಂದು ಪಾಲು ಕೆರೆ ನಿರ್ವಹಣೆಗೇ ಅಂತ ಬರೆಸೋಕೆ ಹಠ ಹಿಡೀರಿ, ಸ್ವಲ್ಪ ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ, ಆ ಒಂದು ಸಾಲು ಇಲ್ದಿದ್ರೆ ಮುಂದಿನ ವರ್ಷ ಮತ್ತೆ ಮನೆ ಮನೆ ಚಂದಾ ಎತ್ಬೇಕು. ಕೆರೆ ಸರ್ಕಾರದ್ದೇ, ಸಂಘಕ್ಕೆ ಬರೀ ನೋಡ್ಕೊಳ್ಳೋ ಜವಾಬ್ದಾರಿ ಅನ್ನೋದೂ ಅದರಲ್ಲಿರ್ಲಿ, ನಾಳೆ ಯಾರೂ ಸಂಘದ ಹೆಸ್ರಲ್ಲಿ ಬೇಲಿ ಹಾಕ್ಬಾರ್ದು.

ಬ್ಯಾಂಕ್ ಖಾತೆಗೆ ಇಬ್ರ ಸಹಿ ಇಡಿ, ಖರ್ಚಿನ ಬೋರ್ಡು ಕೆರೆ ಹತ್ರಾನೇ ಹಾಕಿ.

ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯೋಕೆ ಮುಂಚೆ, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಪಿಡಿಓನ ಕರ್ಕೊಂಡು ಏರಿ ಮೇಲೆ ಈ ತುದಿಯಿಂದ ಆ ತುದಿಗೆ ನಡೀರಿ. ಇಲಿ ಬಿಲ, ಬಿರುಕು, ತೂಬಿನ ಹತ್ರ ಸೋರಿಕೆ ಏನೇ ಕಂಡ್ರೂ ಫೋಟೋ ತೆಗ್ದು ಅವತ್ತೇ ಪತ್ರ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ.