ರೇಡಿಯೋ ಕೆಲಸದ ಮೇಜಿಗೆ ಹಳೆ ಬಾಗಿಲೇ ಸಾಕು

ಹೊಸ ಟೇಬಲ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಮನೆ ರಿಪೇರಿ ನಡೆಯುವ ಕಡೆ ಬಿಚ್ಚಿಟ್ಟ ಫ್ಲಶ್ ಡೋರ್ (ಎರಡೂ ಕಡೆ ಸಪಾಟಾದ ಬಾಗಿಲು) ಇದೆಯಾ ಕೇಳಿ. ಎರಡೂವರೆ ಅಡಿ ಅಗಲ ಇದ್ದರೆ ಆಯಿತು. ಕಬ್ಬಿಣದ ಆಂಗಲ್‌ನಲ್ಲಿ ಕಾಲು ವೆಲ್ಡ್ ಮಾಡಿಸಿ. ಕುಳಿತು ಕೆಲಸ ಮಾಡುವವರಿಗೆ 30 ಇಂಚು ಎತ್ತರ ಸರಿ. ಗೋಡೆಗೆ ತಾಗಿಸದೆ, ಹಿಂದೆ ಕೈ ಹೋಗುವಷ್ಟು ಜಾಗ ಬಿಡಿ. ಕೇಬಲ್ ಎಲ್ಲಾ ಬರುವುದು ಅಲ್ಲೇ ಅಲ್ವಾ?

ಮೇಲೆ ಇಎಸ್‌ಡಿ ಮ್ಯಾಟ್ ಹಾಸಿ, ಅಂದರೆ ಸ್ಥಿರ ವಿದ್ಯುತ್ತನ್ನು ಅರ್ಥಿಂಗ್‌ಗೆ ಇಳಿಸುವ ಹಾಸು. ಬೆಂಗಳೂರಿನವರು ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಮ್ಯಾಟ್‌ನ ಅರ್ಥಿಂಗ್ ವೈರ್‌ನಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರಲೇಬೇಕು. ಆ ವೈರನ್ನು ನ್ಯೂಟ್ರಲ್‌ಗೆ ಮಾತ್ರ ಯಾವತ್ತೂ ಸಿಕ್ಕಿಸಬೇಡಿ.

ಹಳೆ ವಾಲ್ವ್ (ಗಾಜಿನ ಕೊಳವೆ) ರೇಡಿಯೋ ಬಿಚ್ಚುವವರಿಗೆ ಇನ್ನೊಂದು ಮಾತು. ಕರೆಂಟ್ ಕೊಟ್ಟು ನೋಡುವಾಗ ಮ್ಯಾಟ್ ಪಕ್ಕಕ್ಕೆ ಸರಿಸಿ, ಸ್ಥಿರ ವಿದ್ಯುತ್ ಇಳಿಸಲು ಮಣಿಕಟ್ಟಿಗೆ ಕಟ್ಟುವ ಕೈಪಟ್ಟಿ ಇದ್ದರೆ ಬಿಚ್ಚಿಡಿ. ಒಂದು ಸಾಕೆಟ್‌ಗೆ 100 ವ್ಯಾಟ್ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ರೇಡಿಯೋಗೆ ಹೋಗುವ ಕರೆಂಟ್ ಬಲ್ಬ್ ಮೂಲಕವೇ ಹಾಯುವ ಹಾಗೆ, ಹಾಕಿಸಿ. ಸೆಟ್ ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಫಿಲಮೆಂಟ್ ಬಲ್ಬೇ ಬೇಕು, ಎಲ್‌ಇಡಿ ಆಗಲ್ಲ. ಆದರೆ ಶಾಕ್ ಹೊಡೆಯುವುದನ್ನು ಇದು ತಡೆಯುವುದಿಲ್ಲ, ಹುಷಾರು.

ಮೇಜಿನ ದೀಪ ಕೊಳ್ಳುವಾಗ ಪುಟ್ಟ ರೇಡಿಯೋ ಜೊತೆಗೆ ಒಯ್ಯಿರಿ. ಕೆಲವು ಅಗ್ಗದ ಎಲ್‌ಇಡಿ ದೀಪ ಹಚ್ಚಿದರೆ ಶಾರ್ಟ್‌ವೇವ್‌ನಲ್ಲಿ ಬರೀ ಬುರ್ ಸದ್ದು. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ ಬಿಡಿ.